ಹಳೆಯ ಮುದ್ರೆಯನ್ನು ಓದುವ ಬಗೆ

ಹಳೆಯ ವಾಡೆಗಳಲ್ಲಿ, ಗೌಡಕಿ-ದೇಸಗತಿಯ ಮನೆಗಳಲ್ಲಿ, ಮಠಗಳ ಉಗ್ರಾಣಗಳಲ್ಲಿ ಹಿತ್ತಾಳೆಯ ಸಣ್ಣ ವಸ್ತುವೊಂದು ಕೆಲವೊಮ್ಮೆ ದೊರೆಯುವುದುಂಟು. ಮೇಲೆ ಕಟ್ಟಿಗೆಯ ಅಥವಾ ಲೋಹದ ಹಿಡಿಕೆ. ಕೆಳಗೆ ದುಂಡಾದ ಇಲ್ಲವೆ ಚೌಕನಾದ ಮುಖ. ಆ ಮುಖದಲ್ಲಿ ಬಲದಿಂದ ಎಡಕ್ಕೆ ತಿರುವಿ ಕೊರೆದ ಅಕ್ಷರಗಳು. ಮಕ್ಕಳು ಅದನ್ನು ಆಟದ ಬುಗುರಿಯೆಂದು ಭಾವಿಸುತ್ತಾರೆ. ದೊಡ್ಡವರು ಹಳೆಯ ಪಾತ್ರೆಗಳ ಜೊತೆಗೆ ತೂಕಕ್ಕೆ ಹಾಕಿಬಿಡುತ್ತಾರೆ. ಆದರೆ ಅದು ಒಂದು ಕಾಲದಲ್ಲಿ ಆ ಮನೆತನದ ಮಾತಿಗೆ ಅಧಿಕಾರವನ್ನು ತಂದುಕೊಟ್ಟಿದ್ದ ಮುದ್ರೆ. ನಮ್ಮ ಉತ್ತರ ಭಾಗದಲ್ಲಿ ಅದನ್ನು ಶಿಕ್ಕಾ ಎಂದೂ ಮೊಹರು ಎಂದೂ ಕರೆಯುತ್ತಾರೆ.

ಮುದ್ರೆಯೊತ್ತುವ ಪದ್ಧತಿ ನಮ್ಮ ನಾಡಿಗೆ ಹೊಸದಲ್ಲ. ತಾಮ್ರಶಾಸನಗಳ ಹಲಗೆಗಳನ್ನು ಬಳೆಯೊಂದರಲ್ಲಿ ಪೋಣಿಸಿ, ಆ ಬಳೆಯ ಬೆಸುಗೆಯ ಮೇಲೆ ರಾಜಮುದ್ರೆಯನ್ನು ಕೂಡಿಸುತ್ತಿದ್ದರು. ಬಾದಾಮಿಯ ಚಾಲುಕ್ಯರದು ವರಾಹ, ರಾಷ್ಟ್ರಕೂಟರದು ಗರುಡ, ತಲಕಾಡಿನ ಗಂಗರದು ಆನೆ. ಮುದ್ರೆ ಒಡೆಯದೆ ಹಲಗೆಯೊಂದನ್ನು ತೆಗೆಯಲೂ ಬಾರದು, ಸೇರಿಸಲೂ ಬಾರದು. ಮುಂದೆ ಕಾಗದದ ಬಳಕೆ ಹೆಚ್ಚಿದಂತೆ ಈ ಕಾವಲಿನ ಕೆಲಸ ಮಸಿಯ ಮುದ್ರೆಗೂ ಅರಗಿನ ಮುದ್ರೆಗೂ ಬಂದಿತು.

ಅರಗು ನಮ್ಮ ದೇಶದ್ದೇ ಪದಾರ್ಥ. ಮುತ್ತುಗ, ಬೋರೆ ಮೊದಲಾದ ಮರಗಳ ಕೊಂಬೆಗಳ ಮೇಲೆ ಸಣ್ಣ ಕೀಟಗಳು ಸ್ರವಿಸುವ ಅಂಟು ಅದು. ಮಹಾಭಾರತದ ಅರಗಿನ ಮನೆಯ ಕಥೆಯನ್ನು ಕೇಳದವರಾರು? ಐರೋಪ್ಯರು ಮಧ್ಯಯುಗದಲ್ಲಿ ಮುದ್ರೆಗೆ ಜೇನುಮೇಣವನ್ನು ಬಳಸುತ್ತಿದ್ದರು. 16ನೆಯ ಶತಮಾನದಲ್ಲಿ ಭಾರತದ ಅರಗು ಅಲ್ಲಿಗೆ ಹೋದ ಮೇಲೆ ಅವರ ಪತ್ರಗಳ ಮೇಲೂ ಅದರ ಕೆಂಪು ಮುದ್ರೆಗಳು ಕಾಣಿಸಿಕೊಂಡವು. ಕಾಯಿಸಿದರೆ ಕರಗುವುದು, ಆರಿದೊಡನೆ ಗಟ್ಟಿಯಾಗುವುದು, ಬಿಚ್ಚಲು ಹೋದರೆ ಚೂರಾಗುವುದು: ಈ ಮೂರು ಗುಣಗಳೇ ಅರಗಿನ ಹೆಚ್ಚುಗಾರಿಕೆ. ಮೊದಲೆರಡು ಗುಣಗಳಿಂದ ಗುರುತು ಮೂಡುತ್ತದೆ. ಮೂರನೆಯದರಿಂದ ಕಳ್ಳತನ ಬಯಲಾಗುತ್ತದೆ.

ಈಗ ಕೈಗೆ ಸಿಕ್ಕ ಮುದ್ರೆಯನ್ನು ಗುರುತಿಸುವ ವಿಚಾರಕ್ಕೆ ಬರೋಣ. ಮೊದಲು ಕೊರೆತದ ಆಳವನ್ನು ನೋಡಬೇಕು. ಅಕ್ಷರಗಳು ಆಳವಾಗಿ ಇಳಿದಿದ್ದರೆ ಅದು ಅರಗಿಗೆಂದು ಮಾಡಿದ್ದು. ಒತ್ತಿದಾಗ ಅರಗು ಆ ಕೊರಕಲುಗಳನ್ನು ತುಂಬಿ ಅಕ್ಷರಗಳು ಉಬ್ಬಿ ನಿಲ್ಲುತ್ತವೆ. ಕೊರೆತ ತೆಳುವಾಗಿದ್ದು ಮುಖ ಸಮತಟ್ಟಾಗಿದ್ದರೆ ಅದು ಮಸಿಯ ಮುದ್ರೆಯಿರಬಹುದು. ಕಾಗದದ ಮೇಲೆ ಕಪ್ಪು ನೆಲದಲ್ಲಿ ಬಿಳಿಯ ಅಕ್ಷರಗಳು ಮೂಡುತ್ತವೆ. ಮುದ್ರೆಯ ಮುಖದಲ್ಲಿಯೇ ಅಕ್ಷರಗಳು ನೇರವಾಗಿ ಓದಲು ಬಂದರೆ ಸಂಶಯಪಡಬೇಕು. ಅಂಥದನ್ನು ಒತ್ತಿದರೆ ಬರಹ ತಿರುವಾಗುತ್ತದೆ. ಆದುದರಿಂದ ಅದು ಅಲಂಕಾರಕ್ಕಾಗಿ ಮಾಡಿದ ವಸ್ತುವೇ ಇರಬಹುದು.

ಎರಡನೆಯದು ಲಿಪಿ. ಕನ್ನಡ, ನಾಗರಿ, ಮೋಡಿ, ಪಾರಸಿ, ಇಂಗ್ಲಿಷ್ ಇವುಗಳಲ್ಲಿ ಯಾವುದು ಎಂಬುದರಿಂದ ಯಾವ ಸರಕಾರದೊಡನೆ ವ್ಯವಹಾರವಿತ್ತೆಂಬುದು ಹೊಳೆಯುತ್ತದೆ. ಪಾರಸಿಯ ಮುದ್ರೆಗಳಲ್ಲಿ ಸಾಲುಗಳನ್ನು ಅನೇಕ ಸಲ ಕೆಳಗಿನಿಂದ ಮೇಲಕ್ಕೆ ಓದಬೇಕಾಗುತ್ತದೆ. ಇದನ್ನರಿಯದೆ ಹೆಸರನ್ನು ತಲೆಕೆಳಗು ಮಾಡುವವರುಂಟು. ಅಕ್ಷರ ಬಾರದವರಿಗೂ ತಿಳಿಯುವ ಚಿಹ್ನೆಗಳೂ ಇದ್ದವು. ಮರಾಠರ ಆಡಳಿತದ ಕಾಗದಗಳಲ್ಲಿ ಪಾಟೀಲರ ನಿಶಾನಿ ನೇಗಿಲು, ಕುಲಕರ್ಣಿಯದು ಲೇಖನಿ. ಗಂಡಭೇರುಂಡವಿದ್ದರೆ ಮೈಸೂರು ಸಂಸ್ಥಾನದ ಕಡೆಗೆ ದೃಷ್ಟಿ ಹರಿಸಬೇಕು. ಮೈಸೂರು ಅಂಚೆಯ ಹೆಸರಿದ್ದರೆ ಅದು 1889ಕ್ಕಿಂತ ಹಿಂದಿನದೆಂದು ತಿಳಿಯಬಹುದು. ಆ ವರ್ಷ ಸಂಸ್ಥಾನದ ಅಂಚೆಯು ಬ್ರಿಟಿಷ್ ಭಾರತದ ಅಂಚೆಯಲ್ಲಿ ವಿಲೀನವಾಯಿತು.

ಮೂರನೆಯದು ವರ್ಷ. ಇಲ್ಲಿ ಎಚ್ಚರ ಹೆಚ್ಚು ಬೇಕು. ಶಾಲಿವಾಹನ ಶಕೆಯಾದರೆ 78 ಕೂಡಿಸಬೇಕು. ದಖ್ಖನಿನ ಕಂದಾಯದ ಫಸಲಿ ವರ್ಷವಾದರೆ 590 ಕೂಡಿಸಬೇಕು. ಫಸಲಿ 1300 ಎಂದರೆ ಕ್ರಿ.ಶ. 1890ರಲ್ಲಿ ತೊಡಗಿದ ವರ್ಷ. ಹಿಜರಿ ಚಾಂದ್ರಮಾನದ್ದಾದುದರಿಂದ ಬರಿಯ ಕೂಡಿಕೆ ಸಾಲದು; ಹಿಜರಿ 1200 ಎಂದರೆ ಕ್ರಿ.ಶ. 1785-86. ಟಿಪ್ಪು ಸುಲ್ತಾನನು ಮೌಲೂದಿ ಎಂಬ ಬೇರೊಂದು ಶಕೆಯನ್ನೇ ಬಳಕೆಗೆ ತಂದಿದ್ದನು. ಶಕೆ ಯಾವುದೆಂದು ತಿಳಿಯದೆ ಕಾಲವನ್ನು ಹೇಳಲಾಗದು. ಇದಲ್ಲದೆ, ಮುದ್ರೆಯಲ್ಲಿರುವ ವರ್ಷವು ಸಾಮಾನ್ಯವಾಗಿ ಅದನ್ನು ಕೊರೆಯಿಸಿದ ಅಥವಾ ಅಧಿಕಾರ ದೊರೆತ ವರ್ಷ; ಅದೇ ಮುದ್ರೆಯನ್ನು ಅನಂತರವೂ ಹಲವು ವರ್ಷ ಬಳಸುತ್ತಿದ್ದರು.

ಇನ್ನು ಉದ್ದೇಶ. ಎಲ್ಲ ಮುದ್ರೆಗಳ ಕೆಲಸವೂ ಒಂದೇ ಅಲ್ಲ. ಪತ್ರದ ಬಾಯನ್ನು ಮುಚ್ಚಿ ಗುಟ್ಟನ್ನು ಕಾಯುವುದು ಒಂದು. ಸನದು, ಕರಾರುಗಳಿಗೆ ಅಧಿಕಾರ ಕೊಡುವುದು ಇನ್ನೊಂದು. ಖಜಾನೆಯ ಬೀಗ, ಹಣದ ಚೀಲಗಳನ್ನು ಭದ್ರಪಡಿಸುವುದು ಮತ್ತೊಂದು. ಮರಾಠರ ಪತ್ರಗಳ ಕೊನೆಯಲ್ಲಿ ‘ಬರಹ ಇಲ್ಲಿಗೆ ಮುಗಿಯಿತು’ ಎಂಬರ್ಥದ ಚಿಕ್ಕ ಮುದ್ರೆಯೊಂದು ಬೀಳುತ್ತಿತ್ತು. ಅದರ ಕೆಳಗೆ ಯಾರೂ ಒಂದು ಸಾಲನ್ನೂ ಸೇರಿಸದಿರಲೆಂಬ ಜಾಣ್ಮೆ ಅದು. ಆದುದರಿಂದ ಹೆಸರಿಲ್ಲದ ಚಿಕ್ಕ ಮುದ್ರೆಯನ್ನು ಕಂಡು ಇದು ನಿರರ್ಥಕವೆಂದು ಎಣಿಸಬಾರದು.

ಇಷ್ಟೆಲ್ಲ ನೋಡಿದರೂ ಲೋಹವೊಂದೇ ಪೂರ್ಣ ಸಾಕ್ಷಿಯಾಗಲಾರದು. ಮುದ್ರೆಯು ಗಂಟಲಿದ್ದಂತೆ; ಅದರ ಮಾತಿರುವುದು ಕಾಗದದಲ್ಲಿ. ಮನೆಯ ಹಳೆಯ ಕಡತ, ಸನದು, ಕರಾರುಪತ್ರಗಳಲ್ಲಿ ಅದೇ ಗುರುತು ಕಂಡರೆ ಮಾತ್ರ ಯಾರು, ಎಂದು, ಯಾವ ಅಧಿಕಾರದಿಂದ ಅದನ್ನು ಒತ್ತಿದರೆಂಬುದು ನಿಶ್ಚಯವಾಗುತ್ತದೆ. ವಂಶಪಾರಂಪರ್ಯದ ಗ್ರಾಮಾಧಿಕಾರವು 1961ರ ಶಾಸನದಿಂದ ನಮ್ಮ ರಾಜ್ಯದಲ್ಲಿ ರದ್ದಾಯಿತು. ಮುದ್ರೆಗಳಿಗೆ ಕೆಲಸವಿಲ್ಲದಾಯಿತು, ಕಡತಗಳಿಗೆ ಗೆದ್ದಲು ಹಿಡಿಯಿತು. ಅಣ್ಣತಮ್ಮಂದಿರು ಪಾಲಾಗುವಾಗ ಕಾಗದ ಒಬ್ಬರ ಮನೆಗೆ, ಮುದ್ರೆ ಇನ್ನೊಬ್ಬರ ಮನೆಗೆ ಹೋದರೆ ಎರಡೂ ಮೂಕವಾಗುತ್ತವೆ. ಮುದ್ರೆ ಮೋಡಕಾ ಅಂಗಡಿ ಸೇರಿದರಂತೂ ಅದು ಯಾವ ಊರಿನದೆಂದು ಹೇಳುವವರೇ ಇಲ್ಲವಾಗುತ್ತಾರೆ.

ಮನೆಯಲ್ಲಿ ಇಂಥದು ಇದ್ದವರು ಕೆಲವು ಸಂಗತಿಗಳನ್ನು ನೆನಪಿನಲ್ಲಿಡುವುದು ಒಳಿತು. ಹುಣಸೆಹಣ್ಣು ಹಚ್ಚಿ ಉಜ್ಜಬಾರದು. ಹೊಳಪು ಬರುವುದು ನಿಜ, ಕೊರೆತದ ಅಂಚು ಸವೆಯುವುದೂ ಅಷ್ಟೇ ನಿಜ. ಕೊರಕಲಿನಲ್ಲಿ ಉಳಿದ ಅರಗಿನ ಚೂರು ಅಥವಾ ಮಸಿಯ ಕಲೆಯೂ ಉಪಯೋಗವನ್ನು ತಿಳಿಸುವ ಸಾಕ್ಷಿಯೇ. ಓದಲು ಬಿಸಿ ಅರಗು ಬೇಡ. ಮಕ್ಕಳು ಆಡುವ ಮೆತ್ತನೆಯ ಬಣ್ಣದ ಮಣ್ಣಿನ ಮೇಲೆ ಹಗುರವಾಗಿ ಒತ್ತಿದರೆ ಸಾಕು. ಇಲ್ಲವೆ ಮುಖದ ಚಿತ್ರ ತೆಗೆದು ಕನ್ನಡಿಯಲ್ಲಿ ನೋಡಬಹುದು. ಯಾರ ಮನೆಯಲ್ಲಿ, ಯಾವ ಪೆಟ್ಟಿಗೆಯಲ್ಲಿ, ಯಾವ ಕಾಗದಗಳ ಜೊತೆ ಸಿಕ್ಕಿತೆಂಬುದನ್ನು ಬರೆದಿಡಬೇಕು. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ, ಬೆಂಗಳೂರಿನ ರಾಜ್ಯ ಪತ್ರಾಗಾರದಂತಹ ಸಂಸ್ಥೆಗಳಲ್ಲಿ ವಿಚಾರಿಸಬಹುದು. ನೂರು ವರ್ಷಕ್ಕೆ ಕಡಿಮೆಯಿಲ್ಲದ ಇಂತಹ ವಸ್ತುಗಳನ್ನು ಖಾಸಗಿಯವರು ಪರದೇಶಕ್ಕೆ ಸಾಗಿಸುವುದನ್ನು 1972ರ ಪ್ರಾಚೀನ ವಸ್ತುಗಳ ಕಾಯಿದೆ ನಿಷೇಧಿಸಿದೆಯೆಂಬುದನ್ನೂ ಮರೆಯಬಾರದು.

ಚುನಾವಣೆ ಮುಗಿದ ಮೇಲೆ ಮತಯಂತ್ರದ ಪೆಟ್ಟಿಗೆಗೆ ಅರಗು ಹಾಕಿ ಲೋಹದ ಮುದ್ರೆ ಒತ್ತುವ ಪದ್ಧತಿ ಉಳಿದು ಬಂದಿದೆ. ಸಾವಿರಾರು ಜನರ ತೀರ್ಪನ್ನು ಕಾಯುವ ನಂಬಿಕೆಯನ್ನು ನಾವು ಆ ಸಣ್ಣ ವಸ್ತುವಿನ ಮೇಲೆ ಇಟ್ಟಿದ್ದೇವೆ. ಅದೇ ನಂಬಿಕೆಯಿಂದ ಹಿರಿಯರು ಕೊಟ್ಟ ಮಾತಿನ ಕೆಳಗೆ ಒತ್ತಿದ ಮುದ್ರೆಗೆ ಹಿತ್ತಾಳೆಯ ತೂಕದ ಬೆಲೆಯನ್ನಷ್ಟೇ ಕಟ್ಟುವುದು ಸಲ್ಲದು. ಕಾಗದವನ್ನೂ ಮುದ್ರೆಯನ್ನೂ ಒಂದೇ ಪೆಟ್ಟಿಗೆಯಲ್ಲಿ ಇರಿಸಿದರೆ, ಮುಂದಿನ ತಲೆಮಾರಿನವರು ಅದನ್ನು ತಾವೇ ಓದಿಕೊಂಡಾರು.