ಮೂರು ನಿಮಿಷದ ಹಾಡು, ಹದಿನೈದು ವರ್ಷದ ಹೋರಾಟ

ಬೆಂಗಳೂರಿನ ವೈಟ್‌ಫೀಲ್ಡ್‌ಗೆ ಹೋದವರು ಅಲ್ಲಿನ ಗಾಜಿನ ಕಟ್ಟಡಗಳನ್ನು ನೋಡಿಯೇ ಇರುತ್ತಾರೆ. ಅದೇ ವೈಟ್‌ಫೀಲ್ಡ್‌ನಲ್ಲಿ ಯೂನಿಲಿವರ್ ಕಂಪೆನಿಯ ಸಂಶೋಧನಾ ಕೇಂದ್ರವೂ ಇದೆ. ನಮ್ಮ ಮನೆಗಳಲ್ಲಿ ಬಳಸುವ ಸಾಬೂನು, ಶಾಂಪೂ, ಚಹಾಪುಡಿ, ಮುಖಕ್ಕೆ ಹಚ್ಚುವ ಕ್ರೀಮು, ಇವುಗಳಲ್ಲಿ ಎಷ್ಟೋ ಈ ಕಂಪೆನಿಯವು. ಇಷ್ಟು ದೊಡ್ಡ ಕಂಪೆನಿಯ ಮುಖ್ಯಸ್ಥರು ಒಂದು ಹಾಡಿಗೆ ಉತ್ತರ ಕೊಡಬೇಕಾಗಿ ಬಂದ ಪ್ರಸಂಗ 2015ರಲ್ಲಿ ನಡೆಯಿತು. ಹಾಡಿದವರು ಚೆನ್ನೈಯ ಮುಸ್ಲಿಮ್ ಕುಟುಂಬವೊಂದರ ಹೆಣ್ಣು ಮಗಳು ಸೋಫಿಯಾ ಅಶ್ರಫ್.

ಲಯಬದ್ಧವಾಗಿ ಮಾತನ್ನು ಜೋಡಿಸಿ ವೇಗವಾಗಿ ಹೇಳುವ ರ‍್ಯಾಪ್ ಎಂಬ ಪ್ರಕಾರ ಸೋಫಿಯಾ ಅವರದು. ಆರಂಭದ ದಿನಗಳಲ್ಲಿ ತಲೆವಸ್ತ್ರ ಧರಿಸಿ ವೇದಿಕೆ ಏರುತ್ತಿದ್ದುದರಿಂದ ಪತ್ರಿಕೆಗಳು ಅವರನ್ನು 'ಬುರ್ಖಾ ರ‍್ಯಾಪರ್' ಎಂದು ಕರೆದವು. ಮುಂದೆ ಅವರು ಆ ಉಡುಪನ್ನು ಬಿಟ್ಟರು. ಜಾಹೀರಾತು ಸಂಸ್ಥೆಯಲ್ಲಿ ಬರಹಗಾರ್ತಿಯಾಗಿ ದುಡಿದರು. 'ಜಬ್ ತಕ್ ಹೈ ಜಾನ್' (2012) ಚಿತ್ರಕ್ಕಾಗಿ ಎ.ಆರ್. ರಹಮಾನ್ ಸಂಗೀತದಲ್ಲೂ ದನಿಗೂಡಿಸಿದರು. ಭೋಪಾಲ ಅನಿಲ ದುರಂತದ ಸಂತ್ರಸ್ತರ ಪರವಾಗಿಯೂ ಹಾಡು ಕಟ್ಟಿದರು. ಅವರ ಬದುಕಿನ ಎಲ್ಲ ಆಯ್ಕೆಗಳನ್ನು ನಾವು ಒಪ್ಪಬೇಕೆಂದಿಲ್ಲ. ಸಂಗೀತದ ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯ ಇರುವುದೂ ನಿಜ. ಆದರೆ ಅವರು ಎತ್ತಿದ ಪ್ರಶ್ನೆ ಬಡ ಕಾರ್ಮಿಕನ ಆರೋಗ್ಯದ ಪ್ರಶ್ನೆ. ಅದು ನಮ್ಮೆಲ್ಲರದ್ದು.

ಬೆಟ್ಟದ ಮೇಲಿನ ಪಾದರಸ

ಜ್ವರ ನೋಡುವ ಗಾಜಿನ ಕಡ್ಡಿ ಎಲ್ಲರಿಗೂ ಗೊತ್ತು. ಅದರೊಳಗೆ ಬೆಳ್ಳಿಯಂತೆ ಹೊಳೆಯುವ ದ್ರವವೇ ಪಾದರಸ. ಅದರ ಆವಿ ಕಣ್ಣಿಗೆ ಕಾಣುವುದಿಲ್ಲ, ವಾಸನೆಯೂ ಇಲ್ಲ. ಉಸಿರಿನ ಮೂಲಕ ಒಳಸೇರಿ ನರಮಂಡಲವನ್ನೂ ಮೂತ್ರಪಿಂಡವನ್ನೂ ಕೆಡಿಸುತ್ತದೆ. ಅಮೆರಿಕದಿಂದ ತಂದ ಯಂತ್ರಗಳಿಂದ ಈ ಕಡ್ಡಿಗಳನ್ನು ತಯಾರಿಸುವ ಕಾರ್ಖಾನೆ 1980ರ ದಶಕದಲ್ಲಿ ತಮಿಳುನಾಡಿನ ಕೊಡೈಕೆನಾಲ್‌ನಲ್ಲಿ ಆರಂಭವಾಯಿತು. ಪಕ್ಕದಲ್ಲೇ ಪಾಂಬಾರ್ ಶೋಲಾ ಕಾಡು. ಮುಂದೆ ಕಾರ್ಖಾನೆ ಹಿಂದೂಸ್ತಾನ್ ಲಿವರ್ ಕೈಗೆ ಬಂತು.

2001ರ ಮಾರ್ಚ್‌ನಲ್ಲಿ ಪಾದರಸ ಅಂಟಿದ್ದ ಗಾಜಿನ ಚೂರುಗಳು ಊರಿನ ಗುಜರಿ ಅಂಗಡಿಯಲ್ಲಿ ಟನ್‌ಗಟ್ಟಲೆ ಪತ್ತೆಯಾದವು. ಜನರು ಬೀದಿಗಿಳಿದರು, ಕಾರ್ಖಾನೆ ಮುಚ್ಚಿತು. 2003ರಲ್ಲಿ ಸುಮಾರು 290 ಟನ್ ಪಾದರಸಯುಕ್ತ ತ್ಯಾಜ್ಯವನ್ನು ಹಡಗಿನಲ್ಲಿ ಅಮೆರಿಕಕ್ಕೆ ಕಳುಹಿಸಲಾಯಿತು. ಕಾರ್ಮಿಕರು ತಮ್ಮ ಕಾಯಿಲೆಗಳಿಗೆ ಪರಿಹಾರ ಕೇಳಿ 2006ರಲ್ಲಿ ಮದ್ರಾಸ್ ಹೈಕೋರ್ಟ್ ಮೆಟ್ಟಿಲೇರಿದರು. ಅವರ ಕಾಯಿಲೆಗಳಿಗೆ ಕಾರ್ಖಾನೆ ಕಾರಣವಲ್ಲ ಎಂಬುದು ಕಂಪೆನಿಯ ನಿಲುವಾಗಿತ್ತು. ವರ್ಷಗಳು ಉರುಳಿದವು. ಪತ್ರಿಕೆಗಳು ಮರೆತವು, ಜನರೂ ಮರೆತರು.

ಎರವಲು ರಾಗ

2015ರ ಜುಲೈ ಕೊನೆಯಲ್ಲಿ 'ಕೊಡೈಕೆನಾಲ್ ವೋಂಟ್' ಎಂಬ ವಿಡಿಯೋ ಯೂಟ್ಯೂಬ್‌ಗೆ ಬಂತು. ಕೊಡೈಕೆನಾಲ್ ಸುಮ್ಮನಿರದು ಎಂಬುದು ಅದರ ಭಾವ. ಅಮೆರಿಕದ ಗಾಯಕಿ ನಿಕಿ ಮಿನಾಜ್‌ರ ಜನಪ್ರಿಯ ಹಾಡೊಂದರ ಧಾಟಿಗೆ ಸೋಫಿಯಾ ಹೊಸ ಮಾತು ಜೋಡಿಸಿದ್ದರು. ಮೂಲ ಹಾಡು ಮನೆಮಂದಿ ಜೊತೆ ಕುಳಿತು ಕೇಳುವಂಥದ್ದಲ್ಲ. ಆದರೆ ಲೋಕವೆಲ್ಲ ಗುನುಗುತ್ತಿದ್ದ ಆ ಧಾಟಿಯ ಮೇಲೆ ಪಾದರಸದ ಕಥೆ ಸವಾರಿ ಮಾಡಿತು. ಕೆಲವೇ ದಿನಗಳಲ್ಲಿ ಲಕ್ಷಾಂತರ ಜನ ನೋಡಿದರು. ಸ್ವತಃ ನಿಕಿ ಮಿನಾಜ್ ಅದನ್ನು ಟ್ವಿಟರ್‌ನಲ್ಲಿ ಹಂಚಿದರು. ಯೂನಿಲಿವರ್ ಮುಖ್ಯಸ್ಥ ಪಾಲ್ ಪೋಲ್ಮನ್ ಅಲ್ಲಿಯೇ ಪ್ರತಿಕ್ರಿಯಿಸಬೇಕಾಯಿತು.

ಪರರ ಧಾಟಿಗೆ ನಮ್ಮ ಮಾತು ಕೂರಿಸಿ ನಗಿಸುವ ಕಲೆ ಕನ್ನಡಕ್ಕೆ ಹೊಸದಲ್ಲ. ಟಿ.ಪಿ. ಕೈಲಾಸಂ (1884–1946) ಇಂಗ್ಲಿಷ್ ಹಾಡುಗಳ ಧಾಟಿಗೆ ಕನ್ನಡದ ಮಾತು ಹೊಸೆದು ಜನರನ್ನು ನಗಿಸಿದವರು. ಅವರಿಗೆ ಸಭೆ ಬೇಕಿತ್ತು. ಇಂದಿನವರಿಗೆ ಅಂಗೈಯ ಫೋನು ಸಾಕು.

2016ರ ಮಾರ್ಚ್‌ನಲ್ಲಿ ಕಂಪೆನಿ 591 ಮಾಜಿ ಕಾರ್ಮಿಕರೊಂದಿಗೆ ರಾಜಿ ಮಾಡಿಕೊಂಡಿತು. ಮೊತ್ತ ಬಹಿರಂಗವಾಗಲಿಲ್ಲ. ಇದೆಲ್ಲ ಒಂದು ಹಾಡಿನ ಫಲ ಎಂದರೆ ಕಾರ್ಮಿಕರಿಗೆ ಅನ್ಯಾಯ ಮಾಡಿದಂತೆ. ಹದಿನೈದು ವರ್ಷ ಕಚೇರಿ, ಕೋರ್ಟು ಅಲೆದವರು ಅವರು. ಹಾಡು ಅವರ ದನಿಯನ್ನು ಲೋಕದ ಕಿವಿಗೆ ಮುಟ್ಟಿಸಿತು, ಅಷ್ಟೆ. ಅದೇನು ಸಣ್ಣ ಕೆಲಸವಲ್ಲ. ಮಣ್ಣಿನಲ್ಲಿ ಉಳಿದ ಪಾದರಸದ ಪ್ರಶ್ನೆ ಹಾಗೆಯೇ ಇತ್ತು. ಒಂದು ಕಿಲೋ ಮಣ್ಣಿಗೆ 20 ಮಿಲಿಗ್ರಾಂ ಮಟ್ಟಕ್ಕೆ ಸ್ವಚ್ಛಗೊಳಿಸಿದರೆ ಸಾಕೆಂಬ ಮಾನದಂಡವನ್ನು ಪರಿಸರ ಹೋರಾಟಗಾರರು ಒಪ್ಪಲಿಲ್ಲ. ಶ್ರೀಮಂತ ದೇಶದ ಮಣ್ಣಿಗೊಂದು ನ್ಯಾಯ, ನಮ್ಮ ಮಣ್ಣಿಗೊಂದು ನ್ಯಾಯವೇ ಎಂಬುದು ಅವರ ಪ್ರಶ್ನೆ. 2018ರಲ್ಲಿ ಕರ್ನಾಟಕ ಸಂಗೀತದ ವಿದ್ವಾಂಸ ಟಿ.ಎಂ. ಕೃಷ್ಣ ಅವರೂ ಸೋಫಿಯಾ ಜೊತೆ ಸೇರಿದ ಎರಡನೇ ವಿಡಿಯೋ ಬಂತು.

ಹಾಡಿಗೂ ಬೆಲೆ ಇದೆ

ಹೀಗೆ ಹಾಡುವವರಿಗೆ ಚಪ್ಪಾಳೆ ಮಾತ್ರ ಸಿಗುವುದಿಲ್ಲ. ಭೋಜಪುರಿ ಗಾಯಕಿ ನೇಹಾ ಸಿಂಗ್ ರಾಥೋಡ್, ಕಾನ್ಪುರ ದೇಹಾತ್‌ನಲ್ಲಿ ತೆರವು ಕಾರ್ಯಾಚರಣೆ ವೇಳೆ ತಾಯಿ-ಮಗಳು ಬೆಂಕಿಗೆ ಬಲಿಯಾದುದನ್ನು ಹಾಡಿದ್ದಕ್ಕೆ 2023ರ ಫೆಬ್ರವರಿಯಲ್ಲಿ ಅವರ ಮನೆಗೆ ಪೊಲೀಸ್ ನೋಟಿಸ್ ಬಂತು. 2025ರ ಮಾರ್ಚ್‌ನಲ್ಲಿ ಕುನಾಲ್ ಕಾಮ್ರಾ ಅವರ ಅಣಕು ಹಾಡಿಗೆ ಸಿಟ್ಟಾದವರು ಮುಂಬೈಯಲ್ಲಿ ಅದು ಚಿತ್ರೀಕರಣಗೊಂಡ ಸಭಾಂಗಣವನ್ನೇ ಧ್ವಂಸಗೊಳಿಸಿದರು. ನಗು ಎಷ್ಟು ಹರಿತ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯ ಒಂದು ಗುಂಪು ಇನ್ನೊಂದನ್ನು ಗೇಲಿ ಮಾಡುವುದನ್ನು ತಡೆಯುತ್ತದೆ. ಕೈಗೆ ಬಂದ ಸುದ್ದಿಯನ್ನು ಪರಿಶೀಲಿಸಬೇಕೆಂದೂ ಅದೇ ಅಧ್ಯಾಯ ಕಲಿಸುತ್ತದೆ. ಮೊಬೈಲಿಗೆ ಬರುವ ಅಣಕು ಹಾಡುಗಳನ್ನು ಅಳೆಯಲು ಈ ಎರಡು ಅಳತೆಗೋಲು ಸಾಕು. ಅದು ಯಾರನ್ನು ನಗೆಗೀಡು ಮಾಡುತ್ತಿದೆ? ಒಬ್ಬರ ಬಣ್ಣ, ಭಾಷೆ, ಉಡುಪನ್ನೋ, ಅಧಿಕಾರದಲ್ಲಿರುವವರ ತಪ್ಪನ್ನೋ? ಹೇಳಿದ ಸಂಗತಿ ನಿಜವೋ? ಈ ಪ್ರಶ್ನೆ ಕೇಳದೆ ಮುಂದಕ್ಕೆ ಕಳುಹಿಸುವವನು ಹಾಡಿದವನಷ್ಟೇ ಹೊಣೆಗಾರ.

ಇನ್ನು ನಮ್ಮ ಪೀಣ್ಯದ ಮಾತು. ಸಾವಿರಾರು ಸಣ್ಣ ಕಾರ್ಖಾನೆಗಳಿರುವ ಅಲ್ಲಿ ಲೋಹಕ್ಕೆ ಹೊಳಪಿನ ಲೇಪ ಕೊಡುವ ಘಟಕಗಳು ಬಹಳ. ಅಲ್ಲಿನ ಅಂತರ್ಜಲದಲ್ಲಿ ಕ್ರೋಮಿಯಂ ವಿಷ ಸೇರಿರುವುದು ಪರೀಕ್ಷೆಗಳಲ್ಲಿ ದಾಖಲಾಗಿದೆ. ಅತ್ತ ವೈಟ್‌ಫೀಲ್ಡ್ ಕಡೆಯ ದಾರಿಯಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ 2015ರಲ್ಲಿ ಬೆಂಕಿಯೇ ಹತ್ತಿಕೊಂಡಿತ್ತು. ಪೀಣ್ಯದ ರಾಸಾಯನಿಕ ತೊಟ್ಟಿಯ ಮುಂದೆ ನಿಲ್ಲುವವರು ನಮ್ಮ ನಾಡಿನ ಹಳ್ಳಿಗಳಿಂದ, ಬಿಹಾರ, ಒಡಿಶಾಗಳಿಂದ ಬಂದ ಬಡ ಮನೆಯ ಮಕ್ಕಳು. ಕೊಡೈಕೆನಾಲ್‌ನ ಕಾರ್ಮಿಕರಿಗೆ ತಮ್ಮ ಕಾಯಿಲೆಯ ಹೆಸರು ತಿಳಿಯುವಷ್ಟರಲ್ಲಿ ವರ್ಷಗಳು ಕಳೆದಿದ್ದವು.

ಆದ್ದರಿಂದ ಮನೆಯ ಮಗನೋ ಅಳಿಯನೋ ಅಂಥ ಕೆಲಸದಲ್ಲಿದ್ದರೆ ಸಂಬಳ ಎಷ್ಟೆಂದು ಕೇಳುವಾಗ ಇನ್ನೆರಡು ಮಾತು ಕೇಳಿ. ಕೈಗವಸು, ಮುಖಗವಸು ಕೊಡುತ್ತಾರೆಯೇ? ವರ್ಷಕ್ಕೊಮ್ಮೆ ವೈದ್ಯರು ನೋಡುತ್ತಾರೆಯೇ? ಇಎಸ್ಐ ಕಾರ್ಡ್ ಮಾಡಿಸಿದ್ದಾರೆಯೇ? ಉತ್ತರ ಇಲ್ಲವೆಂದಾದರೆ ಕಾರ್ಮಿಕ ಸಂಘಕ್ಕೋ ಇಲಾಖೆಗೋ ತಿಳಿಸಿ. ಅದಕ್ಕೆ ರಾಗ ಬೇಕಾಗಿಲ್ಲ.