ಏರ್‌ಪೋರ್ಟ್ ತಪಾಸಣೆ: ಒಂದು ಕಡೆ ಶೂ ಬಿಚ್ಚಿ, ಇನ್ನೊಂದು ಕಡೆ ಹಾಗೇ ಹೋಗಿ ಅನ್ನೋದ್ಯಾಕೆ?

ವಿಮಾನದ ಕ್ಯಾಬಿನ್ ಬ್ಯಾಗಿನಲ್ಲಿ ತೆಂಗಿನಕಾಯಿ ಒಯ್ಯುವ ಹಾಗಿಲ್ಲ. ಆದರೆ ಶಬರಿಮಲೆಗೆ ಇರುಮುಡಿ ಹೊತ್ತು ಹೊರಟವರಿಗೆ ಸೀಸನ್ನಿನಲ್ಲಿ ವಿನಾಯಿತಿ ಕೊಡ್ತಾರೆ. 2024ರ ಅಕ್ಟೋಬರ್‌ನಲ್ಲಿ ಕೊಟ್ಟ ವಿನಾಯಿತಿ 2025ರ ಜನವರಿ 20ರವರೆಗೆ ಇತ್ತು. ಅಂದರೆ 20ನೇ ತಾರೀಕು ಸುರಕ್ಷಿತವಾಗಿದ್ದ ಕಾಯಿ 21ಕ್ಕೆ ಅಪಾಯಕಾರಿ. ಕಾಯಿಯೇನೂ ಬದಲಾಗಿಲ್ಲ, ಸುತ್ತೋಲೆಯ ಅವಧಿ ಮುಗಿಯಿತು ಅಷ್ಟೆ.

ಒಣ ಕೊಬ್ಬರಿಯ ಕತೆ ಬೇರೆ. ಎಣ್ಣೆಯಂಶ ಹೆಚ್ಚಿರುವ ಕೊಬ್ಬರಿ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು ಅಂತ ಅಂತಾರಾಷ್ಟ್ರೀಯ ನಿಯಮಗಳಲ್ಲೇ ಅದನ್ನು ಅಪಾಯಕಾರಿ ಸರಕಿನ ಪಟ್ಟಿಗೆ ಸೇರಿಸಿದ್ದಾರೆ. ತಿಪಟೂರಿನವರು ನಗಬಹುದು, ಆದರೆ ಅದರ ಹಿಂದೆ ರಸಾಯನಶಾಸ್ತ್ರ ಇದೆ. ಏರ್‌ಪೋರ್ಟಿನಲ್ಲಿ ನಮ್ಮನ್ನು ತಡೆಯುವ ನಿಯಮಗಳಲ್ಲಿ ಎರಡೂ ಜಾತಿಯವು ಇವೆ: ವಿಜ್ಞಾನ ಇರುವವು, ಬರೀ ಸುತ್ತೋಲೆ ಇರುವವು. ಕ್ಯೂನಲ್ಲಿ ನಿಂತವರಿಗೆ ಎರಡೂ ಒಂದೇ ಥರ ಕಾಣ್ತವೆ.

‘ಅಂತಾರಾಷ್ಟ್ರೀಯ ನಿಯಮ’ ಅಂತ ಸಿಬ್ಬಂದಿ ಹೇಳೋದನ್ನ ನೀವೂ ಕೇಳಿರ್ತೀರಿ. ಅಂಥದ್ದೊಂದು ಇದೆ, ನಿಜ. ವಿಶ್ವಸಂಸ್ಥೆಯ ಅಂಗವಾದ ಐಸಿಎಒ 1974ರಲ್ಲಿ ‘ಅನೆಕ್ಸ್ 17’ ಅನ್ನುವ ಭದ್ರತಾ ಮಾನದಂಡ ತಂದಿತು. ಆದರೆ ಅದು ಕನಿಷ್ಠ ಮಟ್ಟ ಮಾತ್ರ. ಅದರ ಮೇಲೆ ಎಷ್ಟು ಕಟ್ಟಬೇಕು ಅನ್ನೋದು ಆಯಾ ದೇಶಕ್ಕೆ ಬಿಟ್ಟಿದ್ದು. ಹಾಗಾಗಿ ಪ್ರತಿ ದೇಶದ ತಪಾಸಣೆಯೂ ಆ ದೇಶ ತಿಂದ ಏಟುಗಳ ಪಟ್ಟಿ ಇದ್ದ ಹಾಗೆ. 2001ರ ಡಿಸೆಂಬರ್‌ನಲ್ಲಿ ಪ್ಯಾರಿಸ್‌ನಿಂದ ಮಯಾಮಿಗೆ ಹೊರಟ ವಿಮಾನದಲ್ಲಿ ರಿಚರ್ಡ್ ರೀಡ್ ಶೂನಲ್ಲಿದ್ದ ಸ್ಫೋಟಕಕ್ಕೆ ಬೆಂಕಿ ಹಚ್ಚಲು ನೋಡಿದ. 2006ರಿಂದ ಅಮೆರಿಕದಲ್ಲಿ ಶೂ ಬಿಚ್ಚೋದು ಕಡ್ಡಾಯವಾಯಿತು, ಅದು ಹೋಗಿದ್ದು 2025ರ ಜುಲೈನಲ್ಲಿ. ಒಬ್ಬ ಮನುಷ್ಯನಿಂದಾಗಿ ಸುಮಾರು ಎರಡು ದಶಕ ಕೋಟ್ಯಂತರ ಜನ ಕಾಲುಚೀಲದಲ್ಲಿ ನಡೆದರು.

ನಮ್ಮ ಏಟುಗಳು ಬೇರೆ. 1985ರ ಜೂನ್ 23ರಂದು ಏರ್ ಇಂಡಿಯಾದ ‘ಕನಿಷ್ಕ’ ಅಟ್ಲಾಂಟಿಕ್ ಮೇಲೆ ಸ್ಫೋಟಗೊಂಡು 329 ಜನ ಸತ್ತರು. ಬಾಂಬಿದ್ದ ಸೂಟ್‌ಕೇಸ್ ವಿಮಾನದಲ್ಲಿತ್ತು, ಅದನ್ನು ಚೆಕ್‌ಇನ್ ಮಾಡಿದವನು ಇರಲಿಲ್ಲ. ಇವತ್ತು ಪ್ರಯಾಣಿಕ ಹತ್ತದಿದ್ದರೆ ಅವನ ಲಗೇಜನ್ನೂ ಕೆಳಗಿಳಿಸೋದು, ಅದರಿಂದ ವಿಮಾನ ತಡವಾಗೋದು ಇದಕ್ಕೇ. ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ, ಅಂದರೆ ಬಿಸಿಎಎಸ್, 1987ರಲ್ಲಿ ಪ್ರತ್ಯೇಕ ಇಲಾಖೆಯಾಗಿದ್ದೂ ಇದರ ನಂತರವೇ. 1999ರಲ್ಲಿ ಕಂದಹಾರ್ ಅಪಹರಣ ನಡೆಯಿತು. 2000ದಲ್ಲಿ ಜೈಪುರದಿಂದ ಶುರುವಾಗಿ ಒಂದೊಂದೇ ಏರ್‌ಪೋರ್ಟು ಸಿಐಎಸ್‌ಎಫ್ ಕೈಗೆ ಹೋಯಿತು.

ಈಗ ಯಂತ್ರದ ವಿಷಯ. ಇಂಜಿನಿಯರಿಂಗ್ ಓದಿ ಪತ್ರಕರ್ತನಾದವನಿಗೆ ಇದರ ಚಪಲ ಸ್ವಲ್ಪ ಜಾಸ್ತಿ, ಸಹಿಸಿಕೊಳ್ಳಿ.

ಹಳೆಯ ಎಕ್ಸ್‌ರೇ ಯಂತ್ರ ತೋರಿಸೋದು ಚಪ್ಪಟೆ ಚಿತ್ರ. ಬ್ಯಾಗಿನಲ್ಲಿ ಒಂದರ ಮೇಲೊಂದು ಇಟ್ಟಿದ್ದೆಲ್ಲ ಒಂದೇ ನೆರಳಾಗುತ್ತೆ. ಲ್ಯಾಪ್‌ಟಾಪ್ ಅದರಲ್ಲಿ ಕಪ್ಪು ಹಲಗೆಯ ಹಾಗೆ ಕೂತು ಹಿಂದಿರೋದನ್ನು ಮುಚ್ಚುತ್ತೆ, ಅದಕ್ಕೇ ಹೊರಗೆ ತೆಗಿ ಅನ್ನೋದು. ಹೊಸ ಸಿಟಿ ಸ್ಕ್ಯಾನರ್ ಆಸ್ಪತ್ರೆಯ ಸಿಟಿ ಸ್ಕ್ಯಾನ್ ಇದ್ದ ಹಾಗೆಯೇ. ಬ್ಯಾಗನ್ನು ಸುತ್ತಲಿಂದ ನೋಡಿ ಮೂರು ಆಯಾಮದ ಚಿತ್ರ ಕಟ್ಟುತ್ತೆ, ವಸ್ತುವಿನ ಸಾಂದ್ರತೆಯನ್ನೂ ಅಂದಾಜಿಸುತ್ತೆ. ಅದಿದ್ದರೆ ಲ್ಯಾಪ್‌ಟಾಪ್ ಒಳಗೇ ಇರಬಹುದು, ನೀರಿನ ಬಾಟಲಿಯೂ ಇರಬಹುದು. ಹಾಗಾಗಿ ಒಂದು ಏರ್‌ಪೋರ್ಟಿನಲ್ಲಿ ‘ಹಾಗೇ ಇಡಿ’, ಇನ್ನೊಂದರಲ್ಲಿ ‘ಎಲ್ಲಾ ತೆಗೀರಿ’ ಅಂದರೆ ಅದು ಬಹಳ ಸಲ ಆ ಸಿಬ್ಬಂದಿಯ ಮರ್ಜಿಯಲ್ಲ, ಎದುರಿಗಿರುವ ಯಂತ್ರದ ವಯಸ್ಸು.

ಹಾಗಂತ ಯಂತ್ರ ಬಂದರೆ ಗೊಂದಲ ಮುಗೀತು ಅಂತಲ್ಲ. 2006ರಲ್ಲಿ ಲಂಡನ್ನಿನಲ್ಲಿ ದ್ರವ ಸ್ಫೋಟಕದ ಸಂಚು ಬಯಲಾದ ಮೇಲೆ 100 ಮಿಲಿಲೀಟರ್ ಮಿತಿ ಬಂತು. 2023ರಲ್ಲಿ ಲಂಡನ್ ಸಿಟಿ ಏರ್‌ಪೋರ್ಟ್ ಸಿಟಿ ಸ್ಕ್ಯಾನರ್ ಹಾಕಿ ಆ ಮಿತಿ ತೆಗೆಯಿತು. 2024ರ ಜೂನ್‌ನಲ್ಲಿ ಬ್ರಿಟನ್ ಸರ್ಕಾರ ಅಂಥ ಏರ್‌ಪೋರ್ಟುಗಳಲ್ಲಿ ಮಿತಿಯನ್ನು ಮತ್ತೆ ಹೇರಿತು. ಸೆಪ್ಟೆಂಬರ್‌ನಲ್ಲಿ ಐರೋಪ್ಯ ಒಕ್ಕೂಟವೂ ಅದನ್ನೇ ಮಾಡಿತು. ಮರುವರ್ಷ ಎಡಿನ್‌ಬರೊ ಎರಡು ಲೀಟರ್‌ವರೆಗೆ ಬಿಟ್ಟಿತು. ನಮ್ಮಲ್ಲಿ 100 ಮಿಲಿ ಲೆಕ್ಕ ವಿದೇಶಕ್ಕೆ ಹೋಗುವವರಿಗೆ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವವರು ನೀರಿನ ಬಾಟಲಿ ಹಿಡಿದೇ ಹತ್ತಬಹುದು. ಆಕಾಶ ಒಂದೇ, ನೀರೂ ಒಂದೇ!

ಬ್ಯಾಗಿಗಿಂತ ಮುಖ್ಯವಾದದ್ದು ಮೈ. ಭಾರತದಲ್ಲಿ ಪ್ರತಿಯೊಬ್ಬರನ್ನೂ ಸಣ್ಣ ಕಟ್ಟೆ ಹತ್ತಿಸಿ, ಕೈಯಲ್ಲಿ ಹಿಡಿಯುವ ಮೆಟಲ್ ಡಿಟೆಕ್ಟರ್ ಆಡಿಸಿ, ಮೈ ತಡವಿ ನೋಡ್ತಾರೆ. ಕಾರಣ ಸರಳ: ನಾವು ದಾಟಿಬರುವ ಬಾಗಿಲಿನಂಥ ಚೌಕಟ್ಟು ಲೋಹವನ್ನಷ್ಟೇ ಹಿಡಿಯುತ್ತೆ. ಸ್ಫೋಟಕ ಲೋಹವಲ್ಲ. ಯಂತ್ರಕ್ಕೆ ಕಾಣದ್ದನ್ನು ಕೈಯಿಂದ ಹುಡುಕಬೇಕು. ಬಾಡಿ ಸ್ಕ್ಯಾನರ್ ಇರುವ ದೇಶಗಳಲ್ಲಿ ಅದು ಗುರುತು ಹಾಕಿದ ಜಾಗವನ್ನಷ್ಟೇ ಮುಟ್ಟಿ ನೋಡ್ತಾರೆ. 2019ರಲ್ಲಿ ಬಿಸಿಎಎಸ್ ದೇಶದ 84 ಏರ್‌ಪೋರ್ಟುಗಳಿಗೆ ಬಾಡಿ ಸ್ಕ್ಯಾನರ್ ಹಾಕಿ ಅಂತ ಗಡುವು ಕೊಟ್ಟಿತ್ತು. ಗಡುವು 2020ಕ್ಕೇ ಮುಗಿದಿದೆ, ಕಟ್ಟೆ ಇನ್ನೂ ಇದೆ. ಯಂತ್ರ ಕೊಳ್ಳದೆ ಉಳಿಸಿದ ದುಡ್ಡಿನ ಬೆಲೆಯನ್ನು ಹೀಗೆ ನಮ್ಮ ಮೈ ಕಟ್ಟುತ್ತಿದೆ. ಅದರಲ್ಲೂ ಹೆಂಗಸರ ಸಾಲು. ಪರದೆಯೊಳಗೆ ಮಹಿಳಾ ಸಿಬ್ಬಂದಿಯೇ ತಪಾಸಣೆ ಮಾಡ್ತಾರೆ, ಅದು ಸರಿಯಾದ ಕ್ರಮ. ಆದರೆ ನಾನು ಕಂಡ ಹೆಚ್ಚಿನ ಕಡೆ ಗಂಡಸರಿಗೆ ಮೂರು ನಾಲ್ಕು ಕಟ್ಟೆ ಇದ್ದರೆ ಅವರಿಗೆ ಒಂದೋ ಎರಡೋ.

2021ರ ಅಕ್ಟೋಬರ್‌ನಲ್ಲಿ ನರ್ತಕಿ ಸುಧಾ ಚಂದ್ರನ್ ಒಂದು ವಿಡಿಯೊ ಹಾಕಿದ್ದರು. ಪ್ರತಿ ಸಲವೂ ಕೃತಕ ಕಾಲು ಬಿಚ್ಚಿಸ್ತಾರೆ, ಇದಕ್ಕೊಂದು ದಾರಿ ಮಾಡಿ ಅಂತ ಪ್ರಧಾನಿಯನ್ನೇ ಕೇಳಿದ್ದರು. ಸಿಐಎಸ್‌ಎಫ್ ಕ್ಷಮೆ ಕೇಳಿತು. ಹೆಸರಿದ್ದವರಿಗೆ ಸಿಕ್ಕ ಕ್ಷಮೆ ಅದು.

ಇದರ ಇನ್ನೊಂದು ತುದಿಯಲ್ಲಿ ತಪಾಸಣೆಯೇ ಇಲ್ಲದವರ ಪಟ್ಟಿ ಇದೆ. ರಾಷ್ಟ್ರಪತಿ, ಪ್ರಧಾನಿ, ಕೇಂದ್ರ ಸಂಪುಟ ಸಚಿವರು, ರಾಜ್ಯಪಾಲರು, ಮುಖ್ಯಮಂತ್ರಿಗಳು, ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳು, ಹೀಗೆ ಸಾಗುತ್ತೆ. ಯಾವ ಹುದ್ದೆಯೂ ಇಲ್ಲದ ರಾಬರ್ಟ್ ವಾದ್ರಾ ಹೆಸರೂ 2015ರವರೆಗೆ ಅಲ್ಲಿತ್ತು. ಮಾಜಿ ರಾಷ್ಟ್ರಪತಿಗಳೂ ಇದ್ದಾರೆ. ಆದರೂ 2009ರ ಏಪ್ರಿಲ್‌ನಲ್ಲಿ ದೆಹಲಿಯಲ್ಲೇ ಅಬ್ದುಲ್ ಕಲಾಂ ಅವರನ್ನು ಅಮೆರಿಕದ ಕಾಂಟಿನೆಂಟಲ್ ಏರ್‌ಲೈನ್ಸ್ ಸಿಬ್ಬಂದಿ ತಪಾಸಣೆ ಮಾಡಿದರು. ನೆಲ ಭಾರತದ್ದು, ವಿಮಾನ ಅಮೆರಿಕದ್ದು. ವಿನಾಯಿತಿ ಕೊಡದ ಅಮೆರಿಕದ ನಿಯಮ ಗೆದ್ದಿತು. ಸಂಸತ್ತಿನಲ್ಲಿ ಗದ್ದಲವಾಯಿತು, ಏರ್‌ಲೈನ್ ಕ್ಷಮೆ ಕೇಳಿತು. ಕಲಾಂ ಮಾತ್ರ ಆಗ ಗಲಾಟೆ ಮಾಡದೆ ವಿಮಾನ ಹತ್ತಿದ್ದರು.

ಅಪಾಯ ಹೆಚ್ಚಿರುವ ಕಡೆ ತಪಾಸಣೆ ಬಿಗಿಯಾಗೋದು ಸಹಜ. ಶ್ರೀನಗರದಲ್ಲಿ ಟರ್ಮಿನಲ್ ತಲುಪುವ ಮುಂಚೆಯೇ, ರಸ್ತೆಯಲ್ಲೇ ವಾಹನದಿಂದ ಇಳಿಸಿ ಬ್ಯಾಗ್ ಎಕ್ಸ್‌ರೇ ಮಾಡ್ತಾರೆ. ಆದರೆ ‘ಅಪಾಯ’ ಅನ್ನೋದು ಜಾಗಕ್ಕೆ ಅಂಟಿದಷ್ಟೇ ಸುಲಭವಾಗಿ ಜನರಿಗೂ ಅಂಟುತ್ತೆ. ಇಸ್ರೇಲಿನ ಬೆನ್ ಗುರಿಯನ್ ಏರ್‌ಪೋರ್ಟಿನಲ್ಲಿ ಯಂತ್ರಕ್ಕಿಂತ ಪ್ರಶ್ನೆಗಳಿಗೆ ಹೆಚ್ಚು ಬೆಲೆ, ಅಲ್ಲಿಯ ಅರಬ್ ಪ್ರಜೆಗಳಿಗೆ ಪ್ರಶ್ನೆಗಳೂ ಹೆಚ್ಚು. ಈ ತಾರತಮ್ಯದ ವಿರುದ್ಧ ಅಲ್ಲಿನ ನಾಗರಿಕ ಹಕ್ಕುಗಳ ಸಂಘಟನೆ 2007ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತ್ತು.

ಇಷ್ಟೆಲ್ಲಾ ಮಾಡಿ ಕೆಲಸ ಆಗ್ತಿದೆಯಾ? ಅಮೆರಿಕದಲ್ಲಿ ಸರ್ಕಾರದ್ದೇ ತನಿಖಾಧಿಕಾರಿಗಳು ಮಾರುವೇಷದಲ್ಲಿ ಆಯುಧ, ನಕಲಿ ಬಾಂಬ್ ಒಯ್ದು ಪರೀಕ್ಷಿಸಿದ ಫಲಿತಾಂಶ 2015ರಲ್ಲಿ ಸೋರಿಕೆಯಾಯಿತು: 70 ಪ್ರಯತ್ನಗಳಲ್ಲಿ 67 ಸಲ ಸಿಬ್ಬಂದಿಗೆ ಸಿಕ್ಕಿರಲಿಲ್ಲ. ಅಲ್ಲಿ ಮುಖ್ಯಸ್ಥನ ಹುದ್ದೆಗೇ ಕುತ್ತು ಬಂತು.

ಇಲ್ಲಿ ಅಂಥ ಲೆಕ್ಕ ಕೇಳೋದೇ ಕಷ್ಟ. ಯಾವ ಏರ್‌ಪೋರ್ಟಿನಲ್ಲಿ ಎಷ್ಟು ದೂರು ಬಂದಿವೆ ಅಂತ ಆರ್‌ಟಿಐ ಹಾಕಿದರೆ, ಸಿಐಎಸ್‌ಎಫ್ ಆ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ವಿನಾಯಿತಿ ಪಡೆದ ಸಂಸ್ಥೆಗಳಲ್ಲಿ ಒಂದು. ಒಂದು ಕಿಂಡಿ ಮಾತ್ರ ಬಿಟ್ಟಿದ್ದಾರೆ: ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ಆರೋಪಕ್ಕೆ ಸಂಬಂಧಿಸಿದ ಮಾಹಿತಿಗೆ ಈ ವಿನಾಯಿತಿ ಇಲ್ಲ. ಮಾನವ ಹಕ್ಕಿನ ವಿಷಯವಾದರೆ ಕೇಂದ್ರ ಮಾಹಿತಿ ಆಯೋಗದ ಒಪ್ಪಿಗೆ ಪಡೆದು 45 ದಿನಗಳಲ್ಲಿ ಉತ್ತರ ಕೊಡಬೇಕು. ಕೃತಕ ಕಾಲು ಬಿಚ್ಚಿಸಿದ್ದರ ಬಗ್ಗೆ ಅರ್ಜಿ ಬರೆಯುವವರು ಕಲಂ 24(1) ಅಂತ ಮೊದಲ ಸಾಲಿನಲ್ಲೇ ನಮೂದಿಸಿ.