ನೆರೆಯ ನುಡಿಯ ವ್ಯಾಕರಣ

ದೂರದ ಭಾಷೆಯನ್ನು ಕಲಿಯಹೊರಟವನು ಮೊದಲ ದಿನದಿಂದಲೇ ಎಚ್ಚರವಾಗಿರುತ್ತಾನೆ. ಅಲ್ಲಿ ಎಲ್ಲವೂ ಹೊಸದು. ಯಾವ ಶಬ್ದವೂ ಬಂಧುವಿನ ವೇಷ ತೊಟ್ಟು ಎದುರಿಗೆ ಬರುವುದಿಲ್ಲ. ನೆರೆಯ ಭಾಷೆಯ ಸಂಗತಿ ಹಾಗಲ್ಲ. ತುಮಕೂರು ಸೀಮೆಯವನಾದ ನಾನು ಕನ್ನಡದ ಅಧ್ಯಾಪಕನಾಗಿ ಪಡುಬಿದ್ರಿಗೆ ಬಂದು ನೆಲೆಸಿದಾಗ ಹಿತೈಷಿಗಳೆಲ್ಲ ಒಂದೇ ಮಾತು ಹೇಳಿದರು: ‘ತುಳುವೇನು ಮಹಾ, ಕನ್ನಡ ಬಲ್ಲವರಿಗೆ ಆರು ತಿಂಗಳ ಕೆಲಸ.’ ಆರು ತಿಂಗಳಲ್ಲಿ ಅಂಗಡಿಯ ವ್ಯವಹಾರಕ್ಕೆ ಬೇಕಾದಷ್ಟು ಬಂದದ್ದು ನಿಜ. ಭಾಷೆಯ ಒಳಮನೆಗೆ ಪ್ರವೇಶ ದೊರೆತದ್ದು ಅದಕ್ಕೆ ಬಹುಕಾಲದ ಮೇಲೆ.

ಊರಿನ ಹೆಸರೇ ಮೊದಲ ಪಾಠ. ಪಡುವಣ ಕಡಲಿನ ಮಗ್ಗುಲಲ್ಲಿ ಪಡುಬಿದ್ರಿ. ಮೂಡಣ ದಿಕ್ಕಿಗೆ ಮೂಡುಬಿದಿರೆ. ಈ ದಿಕ್ಕುಗಳು ಇಲ್ಲಿ ಬರಿಯ ಸ್ಥಳನಾಮಗಳಲ್ಲಿ ಉಳಿದಿಲ್ಲ. ದಾರಿ ಕೇಳಿದರೆ ಎಡ ಬಲ ಎನ್ನುವ ಬದಲು ಹಿರಿಯರು ಪಡ್ಡಾಯಿ, ಮೂಡಾಯಿ, ಬಡಕಾಯಿ, ತೆನ್ಕಾಯಿ ಎಂದು ಹೇಳುವರು. ಕಡಲು ಕಾಣುವಷ್ಟು ಹತ್ತಿರವಿರುವ ನಾಡಿನಲ್ಲಿ ಯಾರೂ ದಿಕ್ಕು ತಪ್ಪಲಾರರಷ್ಟೆ.

ಹಳಗನ್ನಡ ಓದಿದವನಿಗೆ ತುಳು ಮೊದಮೊದಲು ತವರಿನಂತೆ ತೋರುತ್ತದೆ. ನಮ್ಮ ಹೊಸಗನ್ನಡದ ಹಕಾರ ಇಲ್ಲಿ ಇನ್ನೂ ಪಕಾರವಾಗಿಯೇ ಇದೆ: ಹೂವು ಪೂ, ಹತ್ತು ಪತ್ತ್, ಹೊಸತು ಪೊಸತ್, ಹುಲಿ ಪಿಲಿ. ಸೂತ್ರ ಕೈಗೆ ಸಿಕ್ಕಿತೆಂದು ಹಿಗ್ಗಿ ಹಾಲನ್ನು ಪಾಲು ಮಾಡಹೊರಟರೆ ಅದು ಪೇರ್ ಆಗಿರುತ್ತದೆ. ಹಲ್ಲು ಪಲ್ಲಾಗದೆ ಕೂಲಿಯಾಗಿರುತ್ತದೆ. ಹಲ್ಲು ನೋಯುತ್ತದೆಂದು ಹೇಳಿದವನು ದಿನಗೂಲಿಯ ವಿಷಯ ಎತ್ತಿದನೆಂದು ಘಟ್ಟದ ಮೇಲಿನವನು ತಿಳಿದಾನು. ಅಪ್ಪೆ ಎಂದರೆ ತಾಯಿ, ಅಮ್ಮೆ ಎಂದರೆ ತಂದೆ! ಇಲ್ಲ್ ಎಂದರೆ ಮನೆ. ‘ಇಲ್ಲ’ ಎನ್ನಬೇಕಾದರೆ ಇಜ್ಜಿ. ಬಲ್ಲಿ ಎಂಬುದು ಬಲ್ಲವರ ಮಾತಲ್ಲ, ಕೂಡದೆಂಬ ನಿಷೇಧ. ಕಡಲ ದಂಡೆಯಲ್ಲಿ ‘ಬಲೆ, ಬಲೆ’ ಎಂದು ಕೂಗಿದರೆ ಮೀನಿನ ಬಲೆಯನ್ನೇ ಕುರಿತದ್ದೆಂದು ಭಾವಿಸಬೇಕಾಗಿಲ್ಲ. ‘ಬನ್ನಿ’ ಎಂದು ಆದರದಿಂದ ಕರೆಯುವ ಮಾತೂ ಅದೇ.

ಶಬ್ದಗಳು ಕೊಡುವ ಕಾಟಕ್ಕೆ ನಿಘಂಟಿನ ಮದ್ದುಂಟು. 1886ರಲ್ಲಿ ಮ್ಯಾನರ್ ಪಾದ್ರಿಯ ತುಳು–ಇಂಗ್ಲಿಷ್ ಕೋಶ ಹೊರಟಿತು. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ 1988ರಿಂದ 1997ರವರೆಗೆ ಆರು ಸಂಪುಟಗಳ ತುಳು ನಿಘಂಟು ಬಂದಿತು. ಒಂದೇ ಶಬ್ದ ಊರಿನಿಂದ ಊರಿಗೆ, ಸಮುದಾಯದಿಂದ ಸಮುದಾಯಕ್ಕೆ ಹೇಗೆ ರೂಪು ಬದಲಿಸುತ್ತದೆಂಬುದನ್ನು ಅದರ ಪುಟಗಳಲ್ಲಿ ನೋಡುವುದೇ ಒಂದು ಸೊಗಸು. ವ್ಯಾಕರಣದ ಕಾಟ ಮಾತ್ರ ಪುಸ್ತಕದಿಂದ ತೀರುವಂಥದಲ್ಲ. 1872ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಬ್ರಿಗೆಲ್ ಎಂಬವರ ತುಳು ವ್ಯಾಕರಣ ಪ್ರಕಟವಾಯಿತು, 1967ರಲ್ಲಿ ಡಿ. ಎನ್. ಶಂಕರ ಭಟ್ಟರ ವಿವರಣಾತ್ಮಕ ಅಧ್ಯಯನ. ಇವೆರಡನ್ನೂ ಎದುರಿಗಿಟ್ಟುಕೊಂಡರೂ ಕಿವಿ ಪಳಗದೆ ಕೆಲಸ ಸಾಗದು. ‘ಯಾನ್ ಮಲ್ಪುವೆ’ ಎಂದರೆ ನಾನು ಮಾಡುತ್ತೇನೆ; ‘ಆಯೆ ಮಲ್ಪುವೆ’ ಎಂದರೆ ಅವನು ಮಾಡುತ್ತಾನೆ. ಬರೆಹದಲ್ಲಿ ಕ್ರಿಯಾಪದಗಳೆರಡೂ ಒಂದೇ. ಉಚ್ಚಾರದಲ್ಲಿ ಮೊದಲನೆಯದರ ಕೊನೆಯ ಸ್ವರ ಬಾಯಿ ಅಗಲಿಸಿ ಆಡುವಂಥದು, ಎರಡನೆಯದು ನಮ್ಮ ಎಕಾರ. ಆ ಅಗಲವಾದ ಸ್ವರಕ್ಕೆ ಕನ್ನಡ ಲಿಪಿಯಲ್ಲಿ ಅಕ್ಷರವಿಲ್ಲ. ತೊಟ್ಟಿಲಲ್ಲೇ ಕಲಿತ ಮಗುವಿಗೆ ತಾನೂ ಅವನೂ ಬೇರೆಯೆಂದು ತಿಳಿಯಲು ಅಕ್ಷರ ಬೇಕಿಲ್ಲ. ಅಕ್ಷರದ ಮೂಲಕವೇ ಭಾಷೆಯನ್ನು ಹಿಡಿಯುವ ನಮ್ಮಂಥವರಿಗೆ ಅದು ಮರೀಚಿಕೆ.

ಭೂತಕಾಲದಲ್ಲಿಯೂ ಹೀಗೆಯೇ ಒಂದು ಸೂಕ್ಷ್ಮ. ‘ಬಸ್ ಬತ್ತ್ಂಡ್’ ಎಂದರೆ ಬಸ್ಸು ಬಂತು. ‘ಬಸ್ ಬೈದ್ಂಡ್’ ಎಂದರೆ ಬಂದಿದೆ. ಕನ್ನಡ ಈ ಎರಡನೆಯ ಅರ್ಥಕ್ಕೆ ‘ಇರು’ ಧಾತುವಿನ ನೆರವು ಪಡೆಯುತ್ತದೆ. ತುಳುವಿನಲ್ಲಿ ಕ್ರಿಯಾಪದವೇ ಒಳಗಿನಿಂದ ರೂಪ ಬದಲಿಸುತ್ತದೆ. ಪೋಲೆಂಡಿನ ಭಾಷೆಯನ್ನು ಕುರಿತು ಓದುತ್ತಿದ್ದಾಗ ಇದು ನೆನಪಿಗೆ ಬಂದಿತು. ಅಲ್ಲಿ ಸಾಮಾನ್ಯವಾಗಿ ಒಂದೊಂದು ಕ್ರಿಯೆಗೂ ಎರಡು ಧಾತುಗಳು. ಬರೆಯುತ್ತಿರುವ ಕ್ರಿಯೆಗೆ ಪಿಸಾಚ್ (ಭೂತಾರಾಧನೆಯ ನಾಡಿನವರು ಹೆದರಬೇಕಾಗಿಲ್ಲ), ಬರೆದು ಮುಗಿಸುವ ಕ್ರಿಯೆಗೆ ನಪಿಸಾಚ್. ತುಳುವಿನ ಭೇದ ಕಾಲಕ್ಕೆ ಸಂಬಂಧಿಸಿದ್ದು, ಅಲ್ಲಿಯದು ಕ್ರಿಯೆಯ ಪೂರ್ಣತೆಗೆ. ಎರಡನ್ನೂ ಒಂದೇ ಎನ್ನಲಾಗದು. ಆದರೆ ಕಲಿಯುವವನ ಸಂಕಟ ಒಂದೇ. ಅರ್ಥ ಹೊಳೆದ ಮೇಲೂ ಬಾಯಿ ತೆರೆಯುವ ಮುನ್ನ ಆರಿಸಿಕೊಳ್ಳಬೇಕು. ಅವನ ತಾಯ್ನುಡಿ ಎಂದೂ ಕೇಳದಿದ್ದ ಪ್ರಶ್ನೆಗೆ ಪ್ರತಿ ವಾಕ್ಯದಲ್ಲಿಯೂ ಉತ್ತರ ಕೊಡಬೇಕು.

ಇಂಥ ಪ್ರಶ್ನೆಗಳಲ್ಲಿ ನನಗೆ ಅತ್ಯಂತ ಪ್ರಿಯವಾದುದು ‘ನಾವು’ ಎಂಬುದರದು. ತುಳುವಿನಲ್ಲಿ ‘ನಾವು’ ಎರಡು. ಕೇಳುವವನನ್ನೂ ಸೇರಿಸಿಕೊಂಡರೆ ನಮ, ಹೊರಗಿಟ್ಟರೆ ಎಂಕುಲು. ಇಂದಿನ ಕನ್ನಡ ಈ ಭೇದವನ್ನು ಮಾಡುವುದಿಲ್ಲ. ನಮ್ಮ ನೆರೆಮನೆಯ ವೃದ್ಧೆಯೊಬ್ಬರು ಪ್ರತಿ ಹಬ್ಬದಲ್ಲಿಯೂ ‘ಎಂಕುಲು ಪೋಪ’ ಎಂದು ಸಭ್ಯತೆಯಿಂದ ತಿಳಿಸಿ ಮನೆಮಂದಿಯೊಡನೆ ಹೊರಡುತ್ತಿದ್ದರು. ಬ್ರಹ್ಮಸ್ಥಾನದಲ್ಲಿ ಎರಡು ವರ್ಷಕ್ಕೊಮ್ಮೆ ಜರಗುವ ಡಕ್ಕೆಬಲಿಯ ಒಂದು ಸಂಜೆ ಅವರು ನಮ್ಮ ಅಂಗಳದ ಬಳಿ ನಿಂತು ಹೇಳಿದರು: ‘ಬಲೆ ಮಾಸ್ಟ್ರೆ, ನಮ ಪೋಯಿ.’ ಹೋಗೋಣವೆಂಬ ಕರೆಯನ್ನು ಕನ್ನಡದಲ್ಲಿಯೂ ಹೇಳಬಹುದು. ಆದರೆ ಆ ‘ನಮ’ದೊಳಕ್ಕೆ ನಾನೂ ಸೇರಿದ್ದೇನೆಂಬುದನ್ನು ವ್ಯಾಕರಣವೇ ಸಾಕ್ಷಿ ನಿಂತು ಹೇಳಿದ ಅನುಭವ ನನಗೆ ಬೇರೆ ಯಾವ ಭಾಷೆಯಲ್ಲಿಯೂ ಆಗಿಲ್ಲ. ತುಳುನಾಡಿನಲ್ಲಿ ಪರಊರಿನವನು ಎಷ್ಟರಮಟ್ಟಿಗೆ ಊರಿನವನಾದನೆಂಬುದನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಕೋಲಿಲ್ಲ.

ಇಷ್ಟೆಲ್ಲ ಹೇಳಿದ್ದು ಬರಿಯ ಕುತೂಹಲದಿಂದಲ್ಲ. ತುಳು ಮನೆಮಾತಾಗಿರುವ ಮಕ್ಕಳು ಶಾಲೆಯಲ್ಲಿ ಕನ್ನಡ ಬರೆಯುತ್ತಾರೆ, ಆ ಬರೆವಣಿಗೆಯ ಮೇಲೆ ಕೆಂಪು ಗೆರೆ ಬೀಳುತ್ತದೆ. ‘ಅವರು ನನ್ನ ಹತ್ತಿರ ಹೇಳಿದರು’, ‘ಗುರುಗಳಲ್ಲಿ ಕೇಳಿದೆ’ ಎಂದು ಮಗು ಬರೆದರೆ, ಘಟ್ಟದ ಮೇಲೆ ಕಲಿತ ಪರೀಕ್ಷಕನಿಗೆ ಅದು ಅಜಾಗರೂಕತೆಯೆಂದು ಕಾಣಬಹುದು. ಅದು ಅಜಾಗರೂಕತೆಯಲ್ಲ, ನಿಯಮ. ತುಳುವಿನಲ್ಲಿ ಕೊಡುವುದಾದರೆ ‘ಎಂಕ್ ಕೊರ್ಲೆ’, ಅಂದರೆ ನನಗೆ ಕೊಡಿ. ಹೇಳುವುದಾದರೆ ‘ಎನಡ ಪಣ್ಲೆ’, ಕೇಳುವುದಾದರೆ ‘ಎನಡ ಕೇಣ್ಲೆ’. ಮಾತು ಯಾರತ್ತ ಹೊರಟಿದೆಯೋ ಅವರಿಗೆಂದೇ ಮೀಸಲಾದ ಈ ರೂಪವನ್ನು ಬ್ರಿಗೆಲ್ ತಮ್ಮ ಎಂಟು ವಿಭಕ್ತಿಗಳಲ್ಲಿ ಒಂದಾಗಿ ಎಣಿಸಿದರು. ಕನ್ನಡದಲ್ಲಿ ಅದಕ್ಕೆ ಸಮನಾದ ಪ್ರತ್ಯಯವಿಲ್ಲದ್ದರಿಂದ ಮಗು ‘ಹತ್ತಿರ’ವನ್ನೋ ಸಪ್ತಮಿಯನ್ನೋ ತಂದು ಆ ತೆರವನ್ನು ತುಂಬುತ್ತದೆ. ಹಾಗೆ ತುಂಬಿದ ಕನ್ನಡವನ್ನೇ ಕರಾವಳಿಯಲ್ಲಿ ಸುಶಿಕ್ಷಿತರೂ ಆಡುತ್ತಾರೆ.

ಪರೀಕ್ಷೆಗೆ ಬೇಕಾದ ಶಿಷ್ಟರೂಪವನ್ನು ಕಲಿಸಬಾರದೆಂದು ನನ್ನ ವಾದವಲ್ಲ. ಹೊಡೆದುಹಾಕುವ ಮುನ್ನ, ಮಗು ಯಾವ ನಿಯಮವನ್ನು ಪಾಲಿಸುತ್ತಿದೆಯೆಂಬುದನ್ನು ಅಧ್ಯಾಪಕನಾದವನು ಹೆಸರಿಸಬಲ್ಲವನಾಗಿರಬೇಕು. ಇಷ್ಟು ಕೇಳುವುದು ಅತಿಯಾಗಲಾರದು. 2011ರ ಜನಗಣತಿಯಲ್ಲಿ ತುಳುವನ್ನು ಮಾತೃಭಾಷೆಯೆಂದು ಬರೆಯಿಸಿದವರು 18 ಲಕ್ಷಕ್ಕೂ ಮಿಕ್ಕಿದ್ದರು. ಅವರ ಮಕ್ಕಳಿಗೆ ಕನ್ನಡ ಕಲಿಸಲು ಹೋಗುವವನಿಗೆ ತುಳು ವ್ಯಾಕರಣದ ಹತ್ತು ಪುಟಗಳನ್ನಾದರೂ ಓದಿಸುವ ಏರ್ಪಾಡು ಇರಬೇಕು.

ನನ್ನ ತರಗತಿಯಲ್ಲಿ ಈಗ ವಾರಕ್ಕೊಂದು ಗಂಟೆ ಎರಡು ಭಾಷೆಗಳ ವಾಕ್ಯಗಳನ್ನು ಹಲಗೆಯ ಮೇಲೆ ಅಕ್ಕಪಕ್ಕದಲ್ಲಿ ಬರೆದು ನೋಡುತ್ತೇವೆ. ಎಡಕ್ಕೆ ತುಳು, ಬಲಕ್ಕೆ ಕನ್ನಡ. ಕಳೆದ ಸಲ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: ‘ಸಾರ್, ಎನಡ ಪಣ್ಲೆ, ಎನಡ ಕೇಣ್ಲೆ, ನಮಗೆ ಎರಡಕ್ಕೂ ಒಂದೇ. ನಿಮ್ಮ ಕನ್ನಡದಲ್ಲಿ ಹೇಳುವಾಗ ನನಗೆ, ಕೇಳುವಾಗ ನನ್ನನ್ನು. ಯಾಕೆ ಎರಡು?’ ಮಕ್ಕಳೆಲ್ಲ ನನ್ನ ಮುಖ ನೋಡಿದರು. ಆ ಪ್ರಶ್ನೆಯನ್ನು ಹಲಗೆಯ ಮೇಲಿನ ಮೂಲೆಯಲ್ಲಿ ಬರೆದು, ಒರಸಕೂಡದೆಂದು ಮುಂದಾಳಿಗೆ ಹೇಳಿ ಬಂದಿದ್ದೇನೆ.